‘ಎಐ ಇಷ್ಟವೇ?’ ಎಂದು ಕೇಳುವುದನ್ನು ಬಿಟ್ಟೆವು: ಹನ್ನೆರಡು ಸುತ್ತಿನ ಲೆಕ್ಕ

ಎಐ ಬಗ್ಗೆ ಉದ್ಯೋಗಿಗಳ ಮನಸ್ಸಿನಲ್ಲಿ ಏನಿದೆ, ಅದರಿಂದ ಕೆಲಸದ ನೆಮ್ಮದಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಒಂಬತ್ತು ಪ್ರಶ್ನೆ ಸಾಕು ಎಂದಾಗ ಯಾರೂ ಒಪ್ಪಲಿಲ್ಲ. ಸಂಖ್ಯಾಶಾಸ್ತ್ರ ಬಲ್ಲವರು ‘ಮೂರು ನಾಲ್ಕು ಪ್ರಶ್ನೆಯಲ್ಲಿ ಮನೋಭಾವ ಸಿಕ್ಕುವುದಿಲ್ಲ’ ಎಂದರು. ಎಚ್‌ಆರ್‌ನವರು ‘ಎರಡು ವಾರಕ್ಕೊಮ್ಮೆ ಫಾರ್ಮ್ ಹಿಡಿದು ನಿಂತರೆ ಜನ ಬೇಸತ್ತು ಹೋಗುತ್ತಾರೆ’ ಎಂದರು. ಲೆಕ್ಕಪತ್ರದವರದು ಇನ್ನೊಂದು ಪ್ರಶ್ನೆ: ‘ಎಐ ಟೂಲ್ ಉಳಿಸಿದ ಸಮಯವನ್ನು ಜನರಿಗೇ ಬಿಟ್ಟುಕೊಟ್ಟರೆ ಲೈಸೆನ್ಸ್ ದುಡ್ಡು ಹುಟ್ಟುವುದು ಎಲ್ಲಿಂದ?’ ಈಗ ಹನ್ನೆರಡು ಸುತ್ತು, ಅಂದರೆ 24 ವಾರ ಮುಗಿದಿವೆ. ಆರು ಟೀಮ್, 210ರ ಆಸುಪಾಸು ಜನ. ಕೊನೆಯ ಸುತ್ತಿನಲ್ಲೂ 170ರಷ್ಟು ಫಾರ್ಮ್ ವಾಪಸ್ ಬಂದಿವೆ. ಈ ಕ್ಷೇತ್ರದಲ್ಲಿ ಸರ್ವೆ ಮಾಡಿದವರಿಗೆ ಆ ಸಂಖ್ಯೆಯ ಬೆಲೆ ಗೊತ್ತು. ಹಾಗಾಗಿ ಹೇಗೆ ಮಾಡಿದೆವು, ಎಲ್ಲೆಲ್ಲಿ ಕೆಟ್ಟೆವು ಎಂಬುದನ್ನು ಬರೆದಿಡುತ್ತಿದ್ದೇನೆ. ಕೆಳಗಿನ ನಮ್ಮ ಅಂಕಿಗಳು ನೆನಪಿನಿಂದ ಬರೆದವು, ಒಂದೆರಡು ಆಚೀಚೆ ಇರಬಹುದು.

ಮೊದಲು ಕೆಟ್ಟದ್ದರ ಲೆಕ್ಕ.

ಹಳೆಯ ವಾರ್ಷಿಕ ಸರ್ವೆಯಲ್ಲಿ 64 ಪ್ರಶ್ನೆ ಇದ್ದವು. ತುಂಬಲು 25 ನಿಮಿಷ. 210 ಜನಕ್ಕೆ ಲೆಕ್ಕ ಹಾಕಿದರೆ ಸಂಬಳದ 87 ಗಂಟೆ. ಪೂರ್ತಿ ತುಂಬಿದವರು ನೂರಕ್ಕೆ ನಲವತ್ತೂ ಇರಲಿಲ್ಲ. ಅವರಲ್ಲೂ ಐದರಲ್ಲಿ ಒಬ್ಬರು ಮೇಲಿನಿಂದ ಕೆಳಗಿನವರೆಗೆ ಒಂದೇ ಕಾಲಮ್ಮಿನಲ್ಲಿ ಟಿಕ್ ಎಳೆದಿದ್ದರು. ‘ಎಐ ಎಂದರೆ ಖುಷಿ’ ಎಂಬುದಕ್ಕೂ 4, ‘ಎಐ ಎಂದರೆ ಆತಂಕ’ ಎಂಬುದಕ್ಕೂ 4. ಈಗಿನ ಫಾರ್ಮ್‌ಗೆ ಎರಡು ನಿಮಿಷ. ಹನ್ನೆರಡು ಸುತ್ತಿಗೂ ಎಲ್ಲರೂ ತುಂಬಿದರೆ 84 ಗಂಟೆ. ಹಿಂದೆ ವರ್ಷಕ್ಕೊಂದು ಮಸುಕು ಚಿತ್ರಕ್ಕೆ ಹೋಗುತ್ತಿದ್ದ ಅದೇ ದುಡ್ಡಿನಲ್ಲಿ ಈಗ ಹನ್ನೆರಡು ಚಿತ್ರ ಸಿಗುತ್ತಿವೆ. ಲೆಕ್ಕಪತ್ರದವರ ಮುಂದೆ ಮೊದಲು ಇಟ್ಟದ್ದು ಈ ಒಂದು ಸಾಲನ್ನೇ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಎಐ ಮನೋಭಾವ ಅಳೆಯಲು ಮನಶ್ಶಾಸ್ತ್ರಜ್ಞರಾದ ಶೆಪ್‌ಮನ್ ಮತ್ತು ರಾಡ್‌ವೇ 2020ರಲ್ಲಿ ಒಂದು ಸ್ಕೇಲ್, ಅಂದರೆ ಅಂಕ ಕೊಟ್ಟು ಉತ್ತರಿಸುವ ಹೇಳಿಕೆಗಳ ಪಟ್ಟಿ, ಕೊಟ್ಟಿದ್ದಾರೆ. 20 ಹೇಳಿಕೆ, 12 ಒಪ್ಪಿಗೆಯ ಕಡೆಯವು, 8 ವಿರೋಧದ ಕಡೆಯವು. ಎರಡನ್ನೂ ಬೇರೆ ಬೇರೆ ಇಡಿ, ಕೂಡಿಸಬೇಡಿ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ನಾವು ಆತುರದಲ್ಲಿ ಕೂಡಿಸಿ ಸರಾಸರಿ ತೆಗೆದೆವು. ಎಲ್ಲ ಟೀಮೂ ನಡುವಿಗೆ ಬಂದು ಕೂತವು. ಬಿಡಿಸಿ ನೋಡಿದಾಗ ತಿಳಿದದ್ದು ಬೇರೆ: ಬಹಳ ಜನ ಟೂಲ್ ಉಪಯೋಗ ಎಂದೂ ಒಪ್ಪುತ್ತಾರೆ, ಅದರಿಂದ ತಮ್ಮ ಕೆಲಸಕ್ಕೆ ಕುತ್ತು ಎಂದೂ ನಂಬುತ್ತಾರೆ. ಒಂದೇ ತಲೆಯಲ್ಲಿ ಎರಡೂ ಜೋರಾಗಿಯೇ ಇರುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇವರನ್ನು ‘ತಟಸ್ಥರು’ ಎಂದು ವರದಿಯಲ್ಲಿ ಬರೆದದ್ದು ಶುದ್ಧ ತಪ್ಪು.

ಮೂರನೆಯದು ಬಳಕೆಯ ಲಾಗ್. ಯಾರು ಎಷ್ಟು ಸಲ ಟೂಲ್ ತೆರೆದರು ಎಂಬುದನ್ನೇ ಮನೋಭಾವ ಎಂದು ತಿಳಿದೆವು. ಲಾಗ್ ನೋಡುತ್ತಾರೆ ಎಂಬ ಸುದ್ದಿ ಹಬ್ಬಿದ ವಾರವೇ ಬಳಕೆ ಸುಮಾರು ಇಮ್ಮಡಿಯಾಯಿತು. ಹೆಚ್ಚಿನವು ತೆರೆದು ಒಂದು ಸಾಲು ಬರೆದು ಮುಚ್ಚಿದವು. ಇತ್ತ ನಿಜವಾಗಿ ಚೆನ್ನಾಗಿ ಬಳಸುತ್ತಿದ್ದ ಕೆಲವರು ತಮ್ಮ ಫೋನಿನಲ್ಲಿ ಸ್ವಂತ ಖಾತೆಯಿಂದ ಬಳಸುತ್ತಿದ್ದರು, ಲಾಗ್‌ನಲ್ಲಿ ಅವರದು ಸೊನ್ನೆ. ಲಾಗ್ ಒಂದಕ್ಕೆ ಮಾತ್ರ ಉಪಯೋಗಕ್ಕೆ ಬಂತು: ಮೂರು ತಿಂಗಳಲ್ಲಿ ಒಮ್ಮೆಯೂ ತೆರೆಯದ 60ರಷ್ಟು ಲೈಸೆನ್ಸ್ ಪತ್ತೆಯಾಗಿ ವಾಪಸ್ ಹೋದವು. ವರ್ಷದ ಲೆಕ್ಕದಲ್ಲಿ ಆ ಉಳಿತಾಯ ಈ ಇಡೀ ಪ್ರಯತ್ನದ ಖರ್ಚಿನ ಎರಡರಷ್ಟಕ್ಕೂ ಮೇಲಿತ್ತು.

ಇನ್ನೊಂದು ದಾರಿ ಬಾಗಿಲಿಗೆ ಬಂದಿತ್ತು, ನಾವು ಒಳಗೆ ಬಿಡಲಿಲ್ಲ. ಚಾಟ್ ಸಂದೇಶ, ಮೀಟಿಂಗ್ ವಿಡಿಯೊಗಳಿಂದ ಜನರ ಮನಸ್ಥಿತಿ ತಾನೇ ಊಹಿಸುತ್ತೇನೆ ಎನ್ನುವ ಎಐ. ಪ್ರಶ್ನೆಯೇ ಬೇಡ, ಯಾರಿಗೂ ತೊಂದರೆಯಿಲ್ಲ ಎಂಬುದು ಮಾರುವವರ ವಾದ. ಎಐನಿಂದ ನೆಮ್ಮದಿ ಕೆಡುತ್ತಿದೆಯೇ ಎಂದು ತಿಳಿಯಲು ಮುಖ ಓದುವ ಎಐಯನ್ನು ತಂದು ಕೂರಿಸಿದರೆ ಅಳೆಯುವ ಕೋಲೇ ಅಳೆಯುವ ವಸ್ತುವನ್ನು ಕೆಡಿಸುತ್ತದೆ. ಕೆಲಸದ ಜಾಗದಲ್ಲಿ ಮುಖ, ದನಿಗಳಿಂದ ಭಾವನೆ ಊಹಿಸುವ ವ್ಯವಸ್ಥೆಗಳನ್ನು ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ ನಿಷೇಧಿಸಿದೆ, ಆ ನಿಷೇಧ 2025ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಕಾಯ್ದೆ ಇಲ್ಲದ ಕಡೆಯೂ ಇದನ್ನು ಮುಟ್ಟಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫಾರ್ಮ್

ಒಂಬತ್ತರಲ್ಲಿ ಐದು ಡಬ್ಲ್ಯುಎಚ್‌ಒ-5ರವು, ಅಂದರೆ ಮನಸ್ಸಿನ ನೆಮ್ಮದಿ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿರುವ ಐದು ಹೇಳಿಕೆಗಳು. 0ಯಿಂದ 5ರವರೆಗೆ ಉತ್ತರ, ಮೊತ್ತ 25ಕ್ಕೆ, ಅದನ್ನು 4ರಿಂದ ಗುಣಿಸಿದರೆ 100ಕ್ಕೆ. ಅದು ಕೇಳುವುದು ಕಳೆದ ಎರಡು ವಾರದ ಮಾತು. ಹಾಗಾಗಿ ಸುತ್ತೂ ಎರಡು ವಾರಕ್ಕೊಮ್ಮೆಯೇ ಇರಬೇಕು. ಪ್ರಾಯೋಗಿಕವಾಗಿ ಒಂದು ಟೀಮಿನಲ್ಲಿ ವಾರವಾರವೂ ಕೇಳಿ ನೋಡಿದ್ದೆವು. ಒಂದೇ ಕೆಟ್ಟ ವಾರ ಎರಡು ಸುತ್ತಿನಲ್ಲೂ ಕಾಣಿಸಿಕೊಂಡು, ಕುಸಿತ ಮುಂದುವರಿದಿದೆ ಎಂಬ ಭ್ರಮೆ ಹುಟ್ಟಿಸಿತು.

ಉಳಿದ ನಾಲ್ಕು ನಮ್ಮವು. ಆರನೆಯದು: ‘ನಾಳೆಯಿಂದ ಈ ಟೂಲ್ ಇಲ್ಲ ಎಂದರೆ ನಿಮಗೆ ನಷ್ಟವೋ, ಸಮಾಧಾನವೋ?’ ಉಪಯೋಗವೇ ಎಂದು ನೇರವಾಗಿ ಕೇಳಿದರೆ ಹೌದು ಎನ್ನುವುದು ಸಭ್ಯತೆ. ಕಿತ್ತುಕೊಳ್ಳುತ್ತೇವೆ ಎಂದಾಗ ಬರುವ ಉತ್ತರವೇ ಬೇರೆ. ಏಳನೆಯದು ಮುಂದಿನ ಒಂದು ವರ್ಷದಲ್ಲಿ ತಮ್ಮ ಕೆಲಸ ಏನಾದೀತು ಎಂಬ ಚಿಂತೆ. ಎಂಟನೆಯದು: ‘ಟೂಲ್ ಉಳಿಸಿದ ಸಮಯ ಎಲ್ಲಿ ಹೋಯಿತು?’ ಇದಕ್ಕೆ ನಾಲ್ಕು ಆಯ್ಕೆ: ನನ್ನ ಕೈಗೆ ಬಂತು, ಬೇರೆ ಕೆಲಸ ಬಂದು ತುಂಬಿತು, ಟೂಲ್ ಮಾಡಿದ ತಪ್ಪು ತಿದ್ದಲು ಹೋಯಿತು, ಉಳಿಯಲೇ ಇಲ್ಲ. ಒಂಬತ್ತನೆಯದು ಹಿಡಿತದ ಬಗ್ಗೆ, ಅಂದರೆ ಟೂಲನ್ನು ಬಳಸುವ ಬಿಡುವ ತೀರ್ಮಾನ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ. ಅದರ ಪದಗಳನ್ನು ಇಲ್ಲಿ ಕೊಡುವುದಿಲ್ಲ. ಮ್ಯಾನೇಜರ್‌ಗಳು ಅದನ್ನು ಮೊದಲೇ ಓದಿಕೊಂಡರೆ ಆ ವಾರ ಮಾತ್ರ ಹಿಡಿತ ಸಡಿಲಿಸುತ್ತಾರೆ. ಬರೆದು ತಿದ್ದಿ ಹನ್ನೊಂದನೆಯ ಸಲಕ್ಕೆ ಸರಿಹೋದ ವಾಕ್ಯ ಅದು, ನಮ್ಮ ಬಳಿಯೇ ಇರಲಿ.

ಕನ್ನಡದ ಪದಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸ ಒಮ್ಮೆ ಕುಸಿದದ್ದು ಇಲ್ಲೇ. ಡಬ್ಲ್ಯುಎಚ್‌ಒ-5ರ ಮೂರನೆಯ ಹೇಳಿಕೆಯನ್ನು ಮೊದಲು ‘ಚಟುವಟಿಕೆಯಿಂದ ಇದ್ದೆ’ ಎಂದು ಹಾಕಿದ್ದೆವು. ಕೆಲಸದ ಹೊರೆ ವಿಪರೀತ ಇದ್ದ ಟೀಮಿನಲ್ಲಿ ಅದಕ್ಕೆ 5ರ ಮೇಲೆ 5. ಉಳಿದ ನಾಲ್ಕರಲ್ಲಿ 1, 2. ಕೂರಿಸಿ ಕೇಳಿದಾಗ ಗೊತ್ತಾಯಿತು, ಬಿಡುವೇ ಇಲ್ಲದೆ ಓಡಾಡುವುದನ್ನೇ ಅವರು ಚಟುವಟಿಕೆ ಎಂದು ಓದಿಕೊಂಡಿದ್ದರು. ‘ಲವಲವಿಕೆಯಿಂದ, ಹುರುಪಿನಿಂದ ಇದ್ದೆ’ ಎಂದು ಬದಲಿಸಿದ ಮೇಲೆ ಐದೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯತೊಡಗಿದವು. ಅನುವಾದವನ್ನು ಬೇರೊಬ್ಬರ ಕೈಯಲ್ಲಿ ಮೂಲ ಭಾಷೆಗೆ ತಿರುಗಿಸಿ ಹೋಲಿಸುವ ಕ್ರಮ ಇದೆಯಲ್ಲ, ಅದನ್ನು ಮಾಡಿಯೇ ಇದ್ದೆವು. ಅಲ್ಲಿ ಈ ತಪ್ಪು ಸಿಕ್ಕಲಿಲ್ಲ, ಏಕೆಂದರೆ ತಿರುಗಿಸಿದವರಿಗೂ ಅದು ಸರಿಯಾಗಿಯೇ ಕಂಡಿತ್ತು. ಆರೇಳು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಗಟ್ಟಿಯಾಗಿ ಓದಿಸಿ, ‘ಇದಕ್ಕೆ ಏನು ಅರ್ಥ ಮಾಡಿಕೊಂಡಿರಿ’ ಎಂದು ಕೇಳಿದರೆ ಮಾತ್ರ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ, ಬಿಡಬೇಡಿ. ಅಧಿಕೃತ ಅನುವಾದ ಇರುವ ಸ್ಕೇಲ್ ಆದರೆ ಮೊದಲು ಅದನ್ನೇ ತನ್ನಿ, ಮನಸ್ಸಿಗೆ ಬಂದಂತೆ ತಿದ್ದಿದರೆ ಹೊರಗಿನ ಅಂಕಿಗಳ ಜೊತೆ ಹೋಲಿಸುವ ಹಕ್ಕು ಹೋಗುತ್ತದೆ. ಕೆಲವು ಸ್ಕೇಲ್‌ಗಳು ಸಂಶೋಧನೆಗೆ ಉಚಿತ, ವ್ಯಾಪಾರದ ಬಳಕೆಗೆ ಅನುಮತಿ ಬೇಕು, ಕೆಲಸದ ತೊಡಗುವಿಕೆ ಅಳೆಯುವ ಯೂಟ್ರೆಕ್ಟ್ ಸ್ಕೇಲ್ ಅಂಥದ್ದು. ಫಾರ್ಮ್ ಅಚ್ಚಾಗುವ ಮೊದಲೇ ನೋಡಿಕೊಳ್ಳಿ.

‘ಕೃತಕ ಬುದ್ಧಿಮತ್ತೆ’ ಎಂಬ ಪದವನ್ನು ಫಾರ್ಮ್‌ನಿಂದ ಪೂರ್ತಿ ತೆಗೆದೆವು. ಅದನ್ನು ಓದಿದವರು ರೋಬಾಟ್, ಯುದ್ಧ, ಸುದ್ದಿಯಲ್ಲಿ ಕೇಳಿದ್ದನ್ನೆಲ್ಲ ನೆನೆದು ಉತ್ತರಿಸುತ್ತಾರೆ. ಅರ್ಧದಷ್ಟು ಫಾರ್ಮ್‌ನಲ್ಲಿ ‘ಕೃತಕ ಬುದ್ಧಿಮತ್ತೆ’, ಇನ್ನರ್ಧದಲ್ಲಿ ‘ದೂರುಗಳ ಸಾರಾಂಶ ಮಾಡುವ ಟೂಲ್’ ಎಂದು ಹಾಕಿ ಬೆರೆಸಿ ಹಂಚಿ ನೋಡಿದೆವು. ಮೊದಲನೆಯದರಲ್ಲಿ ಚಿಂತೆಯ ಅಂಕ ಐದಕ್ಕೆ ಒಂದರಷ್ಟು ಹೆಚ್ಚು. ನಮಗೆ ಬೇಕಿದ್ದದ್ದು ಮೇಜಿನ ಮೇಲಿರುವ ಟೂಲ್‌ನ ಬಗೆಗಿನ ಮನಸ್ಸು. ಹಾಗೆಯೇ ‘ಭಯ’ ಎಂದರೆ ಯಾರೂ ಒಪ್ಪಿಕೊಳ್ಳುವುದಿಲ್ಲ, ‘ಯೋಚನೆ’ ಎಂದರೆ ಆಲೋಚನೆಯೋ ಚಿಂತೆಯೋ ತಿಳಿಯುವುದಿಲ್ಲ, ‘ಕಳವಳ’ ಪುಸ್ತಕದ ಮಾತಾಯಿತು. ‘ಚಿಂತೆ’ ನಿಂತಿತು.

ಗುರುವಾರ ಮಧ್ಯಾಹ್ನ ಫಾರ್ಮ್ ಕೊಡಿ. ಸೋಮವಾರ ಬೆಳಿಗ್ಗೆ ಕೊಟ್ಟಾಗ ಉತ್ತರ ಕಡಿಮೆ, ಶುಕ್ರವಾರ ಸಂಜೆ ಕೊಟ್ಟಾಗ ಅಂಕ ಜಾಸ್ತಿ. ಯಾವ ದಿನವಾದರೂ ಸರಿ, ಹನ್ನೆರಡೂ ಸುತ್ತು ಅದೇ ದಿನ, ಅದೇ ಹೊತ್ತು ಇರಬೇಕು.

ಹೆಸರಿಲ್ಲದೆ ಒಬ್ಬರನ್ನೇ ಹಿಂಬಾಲಿಸುವುದು

ಒಬ್ಬರದೇ ಉತ್ತರ ಸುತ್ತಿನಿಂದ ಸುತ್ತಿಗೆ ಹೇಗೆ ಬದಲಾಯಿತು ಎಂದು ನೋಡಲು ಗುರುತು ಬೇಕು, ಆದರೆ ಅವರು ಯಾರೆಂದು ತಿಳಿಯಬಾರದು. ಮೊದಲು ತಾಯಿಯ ಹೆಸರಿನ ಮೊದಲಕ್ಷರ, ಹುಟ್ಟಿದ ತಾರೀಕು, ಫೋನಿನ ಕೊನೆಯ ಎರಡಂಕಿ ಸೇರಿಸಿ ತಾವೇ ಸಂಕೇತ ಬರೆದುಕೊಳ್ಳಲು ಹೇಳಿದೆವು. ಆರರಲ್ಲಿ ಒಂದು ಪಾಲು ಮುಂದಿನ ಸುತ್ತಿಗೆ ತಾಳೆಯಾಗಲಿಲ್ಲ. ಕೆಲವರು ಹೆಸರನ್ನು ಬೇರೆ ಅಕ್ಷರದಿಂದ ಬರೆದರು, ಕೆಲವರಿಗೆ ಎರಡು ಫೋನ್. ತಾರೀಕು ಗೊತ್ತಿದ್ದ ಸಹೋದ್ಯೋಗಿಗಳು ಸುಲಭವಾಗಿ ಊಹಿಸಬಹುದು ಎಂಬ ದೂರೂ ಬಂತು, ಅದು ನ್ಯಾಯವಾದ ದೂರು.

ಆಮೇಲೆ ಡಬ್ಬಿ ತಂದೆವು. ನಾಲ್ಕಂಕಿ ಅಚ್ಚಾದ ರಟ್ಟಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಬೇಕಾದ್ದಕ್ಕಿಂತ ಅರ್ಧದಷ್ಟು ಹೆಚ್ಚು ಚೀಟಿ ಇಟ್ಟು, ಎಲ್ಲರ ಎದುರಿಗೇ ಕುಲುಕಿ, ಅವರವರೇ ಎತ್ತಿಕೊಳ್ಳುವಂತೆ ಮಾಡಿದೆವು. ಹೆಚ್ಚಿನ ಚೀಟಿ ಏಕೆಂದರೆ, ಕೊನೆಗೆ ಉಳಿದ ಸಂಖ್ಯೆಗಳಿಂದ ಯಾರು ಯಾವುದನ್ನು ತೆಗೆದುಕೊಂಡರು ಎಂದು ಲೆಕ್ಕ ಹಾಕಲು ಆಗಬಾರದು. ಚೀಟಿ ಕಳೆದುಕೊಂಡವರು ಹೊಸದು ಎತ್ತಿಕೊಂಡು ಹೊಸಬರಂತೆ ಶುರು ಮಾಡುತ್ತಾರೆ. ಹನ್ನೆರಡು ಸುತ್ತಿನಲ್ಲಿ ಹಾಗೆ ಕಳೆದುಹೋದವು ಹದಿನೈದರ ಒಳಗೆ. ಉತ್ತರಗಳ ಸಂಖ್ಯೆ ಏರಿದ್ದಕ್ಕೆ ಡಬ್ಬಿಯೇ ಅರ್ಧ ಕಾರಣ ಎನ್ನುತ್ತೇನೆ. ಸಾಫ್ಟ್‌ವೇರ್‌ನಲ್ಲಿ ‘ಇದು ಅನಾಮಧೇಯ’ ಎಂದು ಬರೆದದ್ದನ್ನು ಯಾರೂ ನಂಬುವುದಿಲ್ಲ, ತಮ್ಮ ಕೈಯಿಂದ ಎತ್ತಿದ ಚೀಟಿಯನ್ನು ನಂಬುತ್ತಾರೆ.

ವರದಿಯಲ್ಲಿ ಏಳು ಜನರಿಗಿಂತ ಚಿಕ್ಕ ಗುಂಪನ್ನು ತೋರಿಸಬೇಡಿ. ಅಷ್ಟೇ ಸಾಲದು, ಕಳೆಯುವ ಲೆಕ್ಕವನ್ನೂ ನೋಡಿಕೊಳ್ಳಿ. ಟೀಮಿನ 20 ಜನರ ಸರಾಸರಿಯನ್ನೂ, ಅದೇ ಟೀಮಿನ 17 ಹಳಬರ ಸರಾಸರಿಯನ್ನೂ ಒಟ್ಟಿಗೆ ಕೊಟ್ಟರೆ ಉಳಿದ ಮೂವರು ಹೊಸಬರದು ತಾನಾಗಿ ಬಯಲಾಗುತ್ತದೆ. ನಮ್ಮ ಎರಡನೆಯ ವರದಿಯಲ್ಲಿ ಹೀಗಾಗಿತ್ತು. ಹಂಚುವ ಮೊದಲೇ ಕಣ್ಣಿಗೆ ಬಿದ್ದದ್ದರಿಂದ ಹಾನಿಯಾಗಲಿಲ್ಲ.

ಡಬ್ಲ್ಯುಎಚ್‌ಒ-5ರಲ್ಲಿ 50 ಅಥವಾ ಕೆಳಗೆ ಬಂದರೆ ಗಮನ ಬೇಕು, 28 ಅಥವಾ ಕೆಳಗಾದರೆ ಖಿನ್ನತೆಯ ಸಾಧ್ಯತೆಯನ್ನು ಗಂಭೀರವಾಗಿ ನೋಡಬೇಕು ಎಂಬ ರೂಢಿ ಇದೆ. ಅನಾಮಧೇಯ ಫಾರ್ಮ್‌ನಲ್ಲಿ 20 ಕಂಡರೆ ಏನು ಮಾಡುವುದು? ಹುಡುಕಿಕೊಂಡು ಹೋದರೆ ಮಾತು ತಪ್ಪಿದಂತೆ, ಸುಮ್ಮನಿದ್ದರೆ ಮನುಷ್ಯತ್ವ ತಪ್ಪಿದಂತೆ. ಪ್ರತಿ ಫಾರ್ಮ್‌ನ ಕೆಳಗೆ ಅಂಕ ಕೂಡಿಸುವ ಕ್ರಮ ಮತ್ತು ಆಪ್ತಸಮಾಲೋಚಕರ ನಂಬರನ್ನು ಹರಿದು ಇಟ್ಟುಕೊಳ್ಳುವ ಪಟ್ಟಿಯಾಗಿ ಎಲ್ಲರಿಗೂ ಕೊಟ್ಟೆವು. ತಮ್ಮ ಅಂಕ ತಾವೇ ಕಂಡುಕೊಂಡು ಹೋದವರು ಇದ್ದಾರೆ. ಎಷ್ಟು ಜನ ಎಂಬುದನ್ನು ನಾವು ಕೇಳಿಲ್ಲ, ಕೇಳುವುದೂ ಇಲ್ಲ.

ಯಾವ ಕೆಲಸವನ್ನು ಟೂಲ್‌ಗೆ ಕೊಡುವುದು

ಎಲ್ಲರೂ ಟೂಲ್ ಆರಿಸುವುದರಲ್ಲಿ ತಿಂಗಳು ಕಳೆಯುತ್ತಾರೆ, ಕೆಲಸ ಆರಿಸುವುದರಲ್ಲಿ ಒಂದು ದಿನವನ್ನೂ ಕಳೆಯುವುದಿಲ್ಲ. ನಾವು ಪ್ರತಿ ಹುದ್ದೆಯನ್ನೂ ಹತ್ತರಿಂದ ಹದಿನಾಲ್ಕು ಬಿಡಿ ಕೆಲಸಗಳಾಗಿ ಒಡೆದೆವು. ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಸಲ, ಸಲಕ್ಕೆ ಎಷ್ಟು ನಿಮಿಷ ಎಂದು ಬರೆದು, ಮಾಡುವವರ ಕೈಯಿಂದಲೇ ಎರಡರಲ್ಲಿ ಒಂದು ಗುರುತು ಹಾಕಿಸಿದೆವು: ‘ಇದು ತೊಲಗಿದರೆ ಸಾಕು’ ಅಥವಾ ‘ಇದು ನನ್ನ ಕೈಗುಣ’. ಮೊದಲ ಎಂಟು ವಾರ ಟೂಲ್‌ಗೆ ಕೊಟ್ಟದ್ದು ಮೊದಲ ಗುರುತಿನವನ್ನು ಮಾತ್ರ.

ದೂರುಗಳಿಗೆ ಉತ್ತರಿಸುವ ಎರಡು ಟೀಮುಗಳನ್ನು ತೆಗೆದುಕೊಳ್ಳಿ. ಒಂದು ದೂರಿನ ಕೆಲಸ ಎಂದರೆ ಹಳೆಯ ಟಿಕೆಟ್ (ದೂರಿನ ದಾಖಲೆ), ಕರೆ ಟಿಪ್ಪಣಿ, ಇಮೇಲ್ ಎಲ್ಲ ಹುಡುಕಿ ಪೂರ್ವಕಥೆ ಜೋಡಿಸುವುದು, ಆಮೇಲೆ ಉತ್ತರ ಬರೆಯುವುದು. ಜೋಡಿಸಲು ಒಂಬತ್ತು ಹತ್ತು ನಿಮಿಷ, ಬರೆಯಲು ಐದಾರು. ಜೋಡಿಸುವುದಕ್ಕೆ ಎಲ್ಲರೂ ‘ತೊಲಗಿದರೆ ಸಾಕು’ ಎಂದರು, ಬರೆಯುವುದಕ್ಕೆ ಹೆಚ್ಚಿನವರು ‘ಕೈಗುಣ’ ಎಂದರು. ಸಿಟ್ಟಾದವರನ್ನು ನಾಲ್ಕು ಸಾಲಿನಲ್ಲಿ ತಣ್ಣಗೆ ಮಾಡುವುದೇ ಅವರ ಕಸುಬಿನ ಹೆಮ್ಮೆ. ಮೊದಲ ಟೀಮಿಗೆ ಸಾರಾಂಶದ ಟೂಲ್ ಕೊಟ್ಟೆವು. ಎರಡನೆಯ ಟೀಮಿನ ಮ್ಯಾನೇಜರ್ ನಮ್ಮ ಪಟ್ಟಿ ಪಕ್ಕಕ್ಕಿಟ್ಟು ಉತ್ತರದ ಕರಡು ಬರೆಯುವ ಟೂಲ್ ಕೊಟ್ಟರು, ಕಣ್ಣಿಗೆ ಕಾಣುವ ಫಲ ಅದೇ ಎಂದು. ಮೊದಲ ಟೀಮಿನ ಡಬ್ಲ್ಯುಎಚ್‌ಒ-5ರ ನಡುವಿನ ಅಂಕ 52ರ ಸುಮಾರಿನಿಂದ ಎಂಟು ವಾರದಲ್ಲಿ 60 ದಾಟಿತು. ಎರಡನೆಯದು 56ರಿಂದ 47ಕ್ಕೆ ಇಳಿಯಿತು. ಎರಡೂ ಕಡೆ ಸಮಯ ಉಳಿದದ್ದು ನಿಜವೇ.

ಇಳಿದದ್ದು ಏಕೆ ಎಂದರೆ, ಬರೆಯುವವರು ತಿದ್ದುವವರಾದರು. ಐದು ನಿಮಿಷ ಬರೆಯುವ ಜಾಗದಲ್ಲಿ ಮೂರು ನಿಮಿಷ ಓದಿ ಪರೀಕ್ಷಿಸುವುದು. ನಿಮಿಷ ಕಡಿಮೆ, ದಣಿವು ಹೆಚ್ಚು. ಕರಡು ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ, ತಪ್ಪು ಎಲ್ಲಿ ಅಡಗಿದೆ ಎಂದು ಪ್ರತಿ ಸಾಲಿನಲ್ಲೂ ಎಚ್ಚರ ಬೇಕು. ಕೊಡದ ರಿಯಾಯಿತಿಯನ್ನು ಕೊಟ್ಟಿದ್ದೇವೆ ಎಂದು ಬರೆದಿರಬಹುದು. ಕೊನೆಗೆ ಕೆಳಗಿನ ಹೆಸರು ತಮ್ಮದು. ಕೈಗುಣ ಹೋಯಿತು, ಹೊಣೆ ಉಳಿಯಿತು. ಮೂವತ್ತು ಕರಡು ಸರಿಯಾಗಿ ಬಂದ ಮೇಲೆ ಎಚ್ಚರವೂ ತಪ್ಪುತ್ತದೆ, ಮೂವತ್ತೊಂದನೆಯದು ಹಾಗೇ ಹೋಗುತ್ತದೆ. ಆ ಟೀಮಿಗೆ ಕರಡನ್ನು ‘ಕೇಳಿದರೆ ಮಾತ್ರ’ ಎಂದು ಬದಲಿಸಿ ಸಾರಾಂಶದ ಟೂಲ್ ಕೊಟ್ಟ ಮೇಲೆ ಆರು ವಾರದಲ್ಲಿ ಅಂಕ ಹಳೆಯ ಜಾಗಕ್ಕೆ ಬಂತು. ಸ್ವಾರಸ್ಯವೆಂದರೆ ಕರಡನ್ನು ಕೇಳಿ ಪಡೆಯುವವರು ಈಗಲೂ ಇದ್ದಾರೆ, ಮುಖ್ಯವಾಗಿ ಹೊಸಬರು. 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯನ್ನು ನೋಡಿದ ಅರ್ಥಶಾಸ್ತ್ರಜ್ಞ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರ 2023ರ ಅಧ್ಯಯನದಲ್ಲೂ ಎಐ ನೆರವಿನಿಂದ ಒಟ್ಟು ಉತ್ಪಾದಕತೆ ಶೇ. 14ರಷ್ಟು ಏರಿದರೆ ಹೊಸಬರದು ಶೇ. 34ರಷ್ಟು ಏರಿತ್ತು, ಪಳಗಿದವರಿಗೆ ಸಿಕ್ಕಿದ್ದು ಅತ್ಯಲ್ಪ. ಹಾಗಾಗಿ ಟೀಮಿನ ಸರಾಸರಿ ನೋಡಿ ತೀರ್ಮಾನಿಸಬೇಡಿ, ಹಳಬರು ಹೊಸಬರನ್ನು ಬೇರೆ ಮಾಡಿ.

ಉಳಿದ ಸಮಯದ ಒಪ್ಪಂದ

ಎಂಟನೆಯ ಪ್ರಶ್ನೆ ಇಟ್ಟದ್ದು ಇದಕ್ಕಾಗಿಯೇ. ಟೂಲ್ ಉಳಿಸಿದ ಸಮಯದಲ್ಲಿ ಅರ್ಧ ಟೀಮಿಗೆ, ಅರ್ಧ ಸಂಸ್ಥೆಗೆ. ಮೂರು ತಿಂಗಳು ಟಾರ್ಗೆಟ್ ಏರಿಸುವಂತಿಲ್ಲ. ಒಂದು ಪುಟದಲ್ಲಿ ಬರೆದು ಮ್ಯಾನೇಜರ್ ಸಹಿ ಹಾಕಿ ಗೋಡೆಗೆ ಅಂಟಿಸುವುದು. ಬಾಯಿಮಾತಿನ ಭರವಸೆ ಸಾಲದು.

ಎಷ್ಟು ಉಳಿಯಿತು ಎಂಬುದನ್ನು ಜನರನ್ನು ಕೇಳಿ ಬರೆಯಬೇಡಿ. ಒಂದು ಟೀಮ್ ದಿನಕ್ಕೆ ಅರ್ಧ ಗಂಟೆ ಎಂದಿತು, ಅಳೆದಾಗ ಹನ್ನೆರಡು ನಿಮಿಷ ಸಿಕ್ಕಿತು. ಇದು ಸುಳ್ಳು ಹೇಳಿದ್ದಲ್ಲ. 2025ರಲ್ಲಿ ಮೀಟರ್ ಎಂಬ ಸಂಶೋಧನಾ ತಂಡ ಪಳಗಿದ 16 ಸಾಫ್ಟ್‌ವೇರ್ ಡೆವಲಪರ್‌ಗಳಿಗೆ 246 ಕೆಲಸ ಕೊಟ್ಟು ನೋಡಿದಾಗ ಎಐ ಇದ್ದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅವರು ಮಾತ್ರ ಶೇ. 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ನಮ್ಮ ಕ್ರಮ ಸರಳ: ಒಂದೇ ಬಗೆಯ 40 ಕೇಸ್, ನಾಣ್ಯ ಚಿಮ್ಮಿ 20 ಟೂಲ್‌ನೊಂದಿಗೆ, 20 ಇಲ್ಲದೆ. ತೆರೆದ ಹೊತ್ತು, ಮುಚ್ಚಿದ ಹೊತ್ತು ಟಿಕೆಟ್‌ನಲ್ಲೇ ಇರುತ್ತದೆ. ಮರುತೆರೆದ ಕೇಸ್‌ಗಳ ಸಮಯವನ್ನೂ ಅದಕ್ಕೇ ಸೇರಿಸಿ, ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ತೆಗೆಯಿರಿ. ಮರುತೆರೆದದ್ದನ್ನು ಮರೆತರೆ ಉಳಿತಾಯ ಎರಡು ಪಟ್ಟು ಕಾಣುತ್ತದೆ. ಟೂಲ್ ಮಾರುವವರ ಅಂಕಿ ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ.

ಒಪ್ಪಂದ ಮುರಿದದ್ದು ಒಂದೇ ಟೀಮಿನಲ್ಲಿ. ಐದನೆಯ ವಾರ ಟಾರ್ಗೆಟ್ ಶೇ. 10ರಷ್ಟು ಏರಿತು. ಮುಂದಿನ ಫಾರ್ಮ್‌ನಲ್ಲಿ ‘ಬೇರೆ ಕೆಲಸ ಬಂದು ತುಂಬಿತು’ ಎಂಬುದಕ್ಕೆ ಮುಕ್ಕಾಲು ಪಾಲು ಟಿಕ್. ಡಬ್ಲ್ಯುಎಚ್‌ಒ-5 ಆಗಲೇ ಇಳಿಯಲಿಲ್ಲ, ಅದರ ಮುಂದಿನ ಸುತ್ತಿನಲ್ಲಿ ಇಳಿಯಿತು. ‘ಟೂಲ್ ಹೋದರೆ ಸಮಾಧಾನ’ ಎಂಬುದು ಅದರ ಮುಂದಿನದರಲ್ಲಿ ಏರಿತು. ಟಾರ್ಗೆಟ್ ಹಿಂದಕ್ಕೆ ಪಡೆದರೂ ಉತ್ತರಿಸುವವರ ಸಂಖ್ಯೆ ಅರ್ಧಕ್ಕೆ ಇಳಿದದ್ದು ಮೇಲೇಳಲೇ ಇಲ್ಲ. ಈ ಅನುಕ್ರಮ ಉಳಿದ ಟೀಮುಗಳಲ್ಲೂ ಮಂದವಾಗಿ ಕಂಡಿತು: ಮೊದಲು ಹೊರೆ, ಆಮೇಲೆ ನೆಮ್ಮದಿ, ಕೊನೆಗೆ ಎಐ ಬಗೆಗಿನ ಮನಸ್ಸು. ಮನೋಭಾವ ತಿದ್ದಿದರೆ ನೆಮ್ಮದಿ ಬರುತ್ತದೆ ಎಂದು ತರಬೇತಿಗೆ ದುಡ್ಡು ಸುರಿಯುವವರು ಬಾಲ ಹಿಡಿದು ದನ ತಿರುಗಿಸಲು ಹೊರಟಿದ್ದಾರೆ.

ತರಬೇತಿಯ ಮಾತು ಬಂತು. ಹೊರಗಿನವರಿಂದ ಎರಡು ಗಂಟೆಯ ಉಪನ್ಯಾಸ ಮಾಡಿಸಿದೆವು, ಯಾವ ಪ್ರಶ್ನೆಯ ಅಂಕವೂ ಕದಲಲಿಲ್ಲ. ಅದೇ ಟೀಮಿನ ಒಬ್ಬರು, ತಮ್ಮದೇ ಫೈಲ್ ತೆರೆದು, 25 ನಿಮಿಷ ತೋರಿಸಿದ್ದು ಫಲ ಕೊಟ್ಟಿತು. ಅದಕ್ಕಿಂತಲೂ ಚಿಂತೆಯನ್ನು ಇಳಿಸಿದ್ದು ತಪ್ಪಿನ ಪುಸ್ತಕ. ಟೂಲ್ ಮಾಡಿದ ತಪ್ಪು, ಹಿಡಿದ ದಿನ, ಹೇಗೆ ಹಿಡಿದದ್ದು ಎಂಬ ಮೂರು ಕಾಲಮ್, ಯಾರ ಹೆಸರೂ ಇಲ್ಲ. ಜೊತೆಗೆ ಒಂದು ಲಿಖಿತ ನಿಯಮ: ಐದು ಅಂಶದ ಪರೀಕ್ಷೆ ಮುಗಿಸಿ ಕಳಿಸಿದ್ದರಲ್ಲಿ ತಪ್ಪು ನುಸುಳಿದರೆ ಹೊಣೆ ಟೂಲ್ ತಂದ ವಿಭಾಗದ್ದು, ಕಳಿಸಿದವರದ್ದಲ್ಲ. ಎರಡು ತಿಂಗಳಲ್ಲಿ 140ರಷ್ಟು ತಪ್ಪು ದಾಖಲಾದವು. ಅದಕ್ಕೆ ಮೊದಲಿನ ಎರಡು ತಿಂಗಳಲ್ಲಿ ವರದಿಯಾದದ್ದು ಒಂಬತ್ತು.

ಲೆಕ್ಕ ಹಾಕುವಾಗ

ಎಲ್ಲ ಟೀಮಿಗೂ ಒಂದೇ ದಿನ ಟೂಲ್ ಕೊಡಬೇಡಿ. ಮೊದಲ ಮೂರು ಸುತ್ತು ಟೂಲ್ ಇಲ್ಲದೆ, ಆಮೇಲೆ ನಾಲ್ಕು ವಾರಕ್ಕೊಮ್ಮೆ ಎರಡೆರಡು ಟೀಮ್, ಸರದಿ ಚೀಟಿ ಎತ್ತಿ. ಹಿಂದೊಮ್ಮೆ ಎಲ್ಲರಿಗೂ ಒಟ್ಟಿಗೆ ಕೊಟ್ಟು ಮೊದಲು ಮತ್ತು ನಂತರ ಎಂದು ಹೋಲಿಸಿ, ನೆಮ್ಮದಿ ಏರಿತೆಂದು ಹಿಗ್ಗಿದ್ದೆವು. ಕೆಲಸದ ಒತ್ತಡದ ತಿಂಗಳು ಅದೇ ಹೊತ್ತಿಗೆ ಮುಗಿದಿತ್ತು, ಟೂಲ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಮೊಟ್ಟಮೊದಲ ಸುತ್ತಿನ ಅಂಕ ಎಸೆದುಬಿಡಿ. ಮೊದಲ ಸಲ ಕೇಳಿದಾಗ ಜನ ತೊಂದರೆಯನ್ನು ಹೆಚ್ಚಾಗಿ ಗುರುತಿಸುತ್ತಾರೆ, ಎರಡನೆಯ ಸಲಕ್ಕೆ ತಾನಾಗಿ ತಗ್ಗುತ್ತದೆ. ಅದನ್ನು ಟೂಲ್‌ನ ಪ್ರಭಾವ ಎಂದು ಬರೆದರೆ ಮುಂದೆ ಪೆಟ್ಟು ತಿನ್ನುತ್ತೀರಿ.

ಒಂದೇ ಸುತ್ತಿನ ಫಾರ್ಮ್‌ನಲ್ಲಿ ಮನೋಭಾವಕ್ಕೂ ನೆಮ್ಮದಿಗೂ ಸಹಸಂಬಂಧ, ಅಂದರೆ ಎರಡೂ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ತೆಗೆದರೆ ಖಂಡಿತ ಸಿಗುತ್ತದೆ. ಆ ಮಧ್ಯಾಹ್ನ ಮನಸ್ಸು ಚೆನ್ನಾಗಿದ್ದವರು ಎಲ್ಲಕ್ಕೂ ಒಳ್ಳೆಯ ಅಂಕ ಕೊಡುತ್ತಾರೆ, ಅಷ್ಟೆ. ಒಬ್ಬರದೇ ಈ ಸುತ್ತಿನ ಹೊರೆಯನ್ನು ಅವರದೇ ಮುಂದಿನ ಸುತ್ತಿನ ಮನೋಭಾವದ ಪಕ್ಕದಲ್ಲಿಟ್ಟು ನೋಡಿ. ಡಬ್ಲ್ಯುಎಚ್‌ಒ-5ರಲ್ಲಿ ಒಬ್ಬರ ಅಂಕ 10 ಬದಲಾದರೆ ಮಾತ್ರ ಬದಲಾವಣೆ ಎನ್ನಿ. ತೀರಾ ಕಡಿಮೆ ಅಂಕದವರು ಏನೂ ಮಾಡದಿದ್ದರೂ ಮುಂದಿನ ಸಲ ಸ್ವಲ್ಪ ಏರುತ್ತಾರೆ, ಅವರನ್ನಷ್ಟೇ ಆರಿಸಿ ಯಶಸ್ಸು ತೋರಿಸುವುದು ಮೋಸ. ಇನ್ನು ಗುಂಪಿನ ಗಾತ್ರ: 0.2ರಷ್ಟು ಸಹಸಂಬಂಧವನ್ನು ಶೇ. 80ರ ಬಲದಲ್ಲಿ, ಅಂದರೆ ಅದು ನಿಜವಾಗಿ ಇದ್ದರೆ ಐದರಲ್ಲಿ ನಾಲ್ಕು ಸಲ ಕಣ್ಣಿಗೆ ಬೀಳುವಂತೆ, ಹಿಡಿಯಲು 194 ಜನ ಬೇಕು, 0.3ಕ್ಕೆ 85ರಷ್ಟು ಸಾಕು. ನಮ್ಮ 170ರಲ್ಲಿ ಸಣ್ಣ ಸಂಬಂಧಗಳ ಬಗ್ಗೆ ಬಾಯಿ ಬಿಡಲಿಲ್ಲ.

ಫಲಿತಾಂಶ ಮೊದಲು ತಲುಪಬೇಕಾದದ್ದು ಉತ್ತರಿಸಿದವರಿಗೆ, ಮ್ಯಾನೇಜರ್‌ಗೆ ಆಮೇಲೆ. ಐದು ದಿನದೊಳಗೆ, ಒಂದೇ ಪುಟ, ಮೂರು ಗೆರೆಯ ಚಿತ್ರ. ಉತ್ತರಿಸಿದವರಿಗೆ ತಲುಪಿ ಮ್ಯಾನೇಜರ್‌ಗೆ ತಲುಪುವ ನಡುವಿನ ಅಂತರದಲ್ಲಿ ನಾವು ಇನ್ನೊಂದು ಚಿಕ್ಕ ಕೆಲಸ ಮಾಡುತ್ತೇವೆ, ಮುಂದಿನ ಸುತ್ತಿನ ಉತ್ತರಗಳ ಸಂಖ್ಯೆ ಕುಸಿಯದಿರುವುದು ಬಹುಪಾಲು ಅದರಿಂದಲೇ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಈಗ ನಡೆಯುತ್ತಿರುವ ಪಕ್ಕದ ಪ್ರಯೋಗ ಹೊಸಬರ ಮೇಲೆ. ಸೇರಿದ ದಿನದಿಂದಲೇ ಕರಡು ಟೂಲ್ ಹಿಡಿದವರ ಅಂಕ ಎಲ್ಲದರಲ್ಲೂ ಚೆನ್ನಾಗಿದೆ: ಚಿಂತೆ ಕಡಿಮೆ, ನೆಮ್ಮದಿ ಹೆಚ್ಚು. ಆದರೆ ಹತ್ತನೆಯ ವಾರ ಟೂಲ್ ಇಲ್ಲದೆ ಹತ್ತು ದೂರುಗಳಿಗೆ ಉತ್ತರ ಬರೆಸಿದಾಗ, ಹಳೆಯ ಕ್ರಮದಲ್ಲಿ ಕಲಿತವರ ಒಂದೂವರೆ ಪಟ್ಟು ಸಮಯ ಹಿಡಿಯಿತು, ಎರಡು ಮೂರು ಉತ್ತರ ಕಳಿಸುವಂತಿರಲಿಲ್ಲ. ಅಂದು ಸಂಜೆಯ ಫಾರ್ಮ್‌ನಲ್ಲಿ ಅವರ ಚಿಂತೆಯ ಅಂಕ ಮೊದಲ ಸಲ ಏರಿತು. ಹನ್ನೆರಡು ಜನರ ಗುಂಪು ಅದು, ತೀರ್ಮಾನಕ್ಕೆ ಸಾಲದು. ಮುಂದಿನ ತಂಡಕ್ಕೆ ಮೊದಲ ಐದು ವಾರ ಕೈಬರಹದ ಉತ್ತರ, ಆರನೆಯ ವಾರದಿಂದ ‘ಕೇಳಿದರೆ ಮಾತ್ರ’ ಕರಡು ಎಂದು ನಿಗದಿ ಮಾಡಿದ್ದೇವೆ. ಅವರ ಚೀಟಿಗಳು ಈಗಾಗಲೇ ಡಬ್ಬಿಯಲ್ಲಿವೆ.